ಒಂದರಿಂದ ಎರಡಕ್ಕೆ

ನನ್ನ ಮೊದಲ ಕಾರಿನಲ್ಲಿ ಗೇರು ಬೀಳುವುದು ಗೊತ್ತೇ ಆಗುತ್ತಿರಲಿಲ್ಲ. ಅದು 1975ರ ಬ್ಯೂಯಿಕ್ ಎಲೆಕ್ಟ್ರಾ. 19 ಅಡಿಗೂ ಮಿಕ್ಕಿದ ಉದ್ದ, 7.5 ಲೀಟರಿನ ಎಂಜಿನ್ನು, ಒಳಗೆ ಸೋಫಾದಂಥ ಸೀಟು. ಆಕ್ಸಿಲರೇಟರ್ ತುಳಿದರೆ ಎಂಜಿನ್ನಿನ ದನಿ ಏರುತ್ತ ಹೋಗಿ ಎಲ್ಲೋ ಒಂದು ಕಡೆ ಮೆಲ್ಲಗೆ ತಗ್ಗುತ್ತಿತ್ತು. ಎರಡನೇ ಗೇರು ಬಿತ್ತೆಂದು ಆಗ ಊಹಿಸಿಕೊಳ್ಳಬೇಕು. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಓಡಾಡಿ ಬೆಳೆದವನು ನಾನು. ಡ್ರೈವರು ಕ್ಲಚ್ ಒತ್ತಿ ಗೇರಿನ ಕೋಲು ಎಳೆದಾಗ ಇಡೀ ಬಸ್ಸು ಒಮ್ಮೆ ತೂಗಿ ಮುಂದಕ್ಕೆ ಹೋಗುವುದು ಮೈಗೆ ಗೊತ್ತಿತ್ತು. ಈ ಕಾರಿನಲ್ಲಿ ಮೈಗೆ ಏನೂ ತಿಳಿಯುತ್ತಿರಲಿಲ್ಲ. ಅದೇ ನನಗೆ ಕೊರತೆ ಅನ್ನಿಸಿತು.

1992ರ ಆಗಸ್ಟಿನಲ್ಲಿ ಎಂ.ಎಸ್. ಓದಲು ಮಿಶಿಗನ್‌ಗೆ ಹೋದೆ. ಆ್ಯನ್ ಆರ್ಬರ್‌ನಲ್ಲಿ ಬಾಡಿಗೆ ಕೈಗೆಟುಕದೆ ಪಕ್ಕದ ಇಪ್ಸಿಲಾಂಟಿಯಲ್ಲಿ ರೂಮು ಹಿಡಿದೆ. ಊರು ನೋಡಿದ ಮೊದಲ ವಾರವೇ ಏನೋ ಪರಿಚಿತ ಅನ್ನಿಸಿತು. ಕಾರಣ ತಿಳಿಯಲು ಸ್ವಲ್ಪ ದಿನ ಹಿಡಿಯಿತು. ನಮ್ಮ ಭದ್ರಾವತಿಯ ಹಾಗೆ ಅದೂ ಒಂದು ಕಾರ್ಖಾನೆಯ ಪಾಳಿಗೆ ತಕ್ಕಂತೆ ಏಳುವ, ಮಲಗುವ ಊರು. ನಮ್ಮಲ್ಲಿ 1923ರಲ್ಲಿ ಕುಲುಮೆ ಹೊತ್ತಿಸಿದ ಕಬ್ಬಿಣದ ಕಾರ್ಖಾನೆ. ಅಪ್ಪ ಅಲ್ಲಿ ಮಷಿನ್ ಶಾಪಿನಲ್ಲಿ ಟರ್ನರ್ ಆಗಿದ್ದರು. ಇಲ್ಲಿ ವಿಲೋ ರನ್.

ಪಕ್ಕದ ಮನೆಯ ಹಿರಿಯರು ವಿಲೋ ರನ್‌ನಲ್ಲಿ 32 ವರ್ಷ ಗೇರ್ ಬಾಕ್ಸ್ ಜೋಡಿಸಿ ನಿವೃತ್ತರಾದವರು. ಅವರ ತಂದೆ ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಕೆಂಟಕಿಯ ಬೆಟ್ಟದ ಸೀಮೆಯಿಂದ ಕೂಲಿ ಹುಡುಕಿಕೊಂಡು ಬಂದಿದ್ದರಂತೆ. ಆಗ ಹಾಗೆ ಬಂದವರು ಸಾವಿರಾರು. ಆ ಕಾರ್ಖಾನೆಯನ್ನು ಫೋರ್ಡ್ ಕಟ್ಟಿದ್ದು ಬಿ-24 ಬಾಂಬರ್ ವಿಮಾನಕ್ಕಾಗಿ. ಕೆಲಸದ ಉತ್ತುಂಗದಲ್ಲಿ ಗಂಟೆಗೊಂದು ವಿಮಾನ ಹೊರಗೆ ಬರುತ್ತಿತ್ತು. ಯುದ್ಧ ಮುಗಿದ ಮೇಲೆ ಅಲ್ಲಿ ಕೈಸರ್ ಕಾರು ತಯಾರಾದವು. 1953ರ ಆಗಸ್ಟ್ 12ರಂದು ಲಿವೋನಿಯಾದಲ್ಲಿ ಜನರಲ್ ಮೋಟರ್ಸಿನ ಹೈಡ್ರಾಮ್ಯಾಟಿಕ್ ಕಾರ್ಖಾನೆಗೆ ಗ್ಯಾಸ್ ಕಟರಿನ ಕಿಡಿಯಿಂದ ಬೆಂಕಿ ಬಿದ್ದು ಪೂರ್ತಿ ಸುಟ್ಟುಹೋಯಿತು. ಅಳಿದುಳಿದ ಯಂತ್ರಗಳನ್ನು ವಿಲೋ ರನ್‌ಗೆ ಸಾಗಿಸಿ ಕೆಲವೇ ವಾರಗಳಲ್ಲಿ ಮತ್ತೆ ಗೇರ್ ಬಾಕ್ಸ್ ಹೊರತಂದರು. ಹಿರಿಯರು ಕೆಲಸಕ್ಕೆ ಸೇರಿದ್ದು ಅದರ ಎರಡು ವರ್ಷದ ಮೇಲೆ. 2010ರಲ್ಲಿ ಅದು ಮುಚ್ಚಿತು, ಆಮೇಲೆ ಬಹುಪಾಲು ಕೆಡವಿದರು. ನಾನು ಹೇಳುತ್ತಿರುವ ಕಾಲಕ್ಕೆ ಮಾತ್ರ ಪಾಳಿ ಬಿಡುವ ಹೊತ್ತಿಗೆ ಇಕೋರ್ಸ್ ರಸ್ತೆಯಲ್ಲಿ ಕಾರುಗಳ ಸಾಲು ಇನ್ನೂ ಇತ್ತು.

ಎಲೆಕ್ಟ್ರಾ ಅವರದೇ ಕಾರು. 1993ರ ಏಪ್ರಿಲ್‌ನಲ್ಲಿ 700 ಡಾಲರಿಗೆ ನನಗೆ ಕೊಟ್ಟರು. ರಸ್ತೆಗೆ ಸುರಿಯುವ ಉಪ್ಪಿಗೆ ಮಿಶಿಗನ್ನಿನಲ್ಲಿ ಹತ್ತು ವರ್ಷಕ್ಕೆ ಕಾರಿನ ತಳ ತುಕ್ಕು ಹಿಡಿದು ಉದುರುತ್ತದೆ. ಇವರು ಪ್ರತಿ ಚಳಿಗಾಲಕ್ಕೆ ಮೊದಲು ತಳಕ್ಕೆಲ್ಲ ಎಣ್ಣೆ ಬಳಿದು ಕಾಪಾಡಿದ್ದರು. ಕೀಲಿ ಕೊಡುವಾಗ ಹೇಳಿದ ಮಾತು ಒಂದೇ: "ಇದರ ಗೇರ್ ಬಾಕ್ಸ್ ನನ್ನ ಕೈ ದಾಟಿಯೇ ಹೋಗಿರಬಹುದು. ಜೋಪಾನ."

ಅದು ಟರ್ಬೊ ಹೈಡ್ರಾಮ್ಯಾಟಿಕ್ 400. ಮೂರೇ ಗೇರು. 1964ರ ಮಾದರಿಯ ಕಾರುಗಳೊಂದಿಗೆ ಬಂದದ್ದು. ಅದೆಷ್ಟು ಗಟ್ಟಿಮುಟ್ಟೆಂದರೆ ರೋಲ್ಸ್ ರಾಯ್ಸ್‌ನವರೂ ಜಾಗ್ವಾರ್‌ನವರೂ ಕೊಂಡು ಹಾಕಿಕೊಂಡರು. ಫೆರಾರಿಯ ಒಂದು ಮಾದರಿಯಲ್ಲೂ ಅದೇ ಇತ್ತು. ಈ ವಂಶದ ಮೂಲಪುರುಷ, ಮೊದಲ ಹೈಡ್ರಾಮ್ಯಾಟಿಕ್, 1940ರ ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ ಬಂದಿತ್ತು. ಯುದ್ಧದಲ್ಲಿ ಹಗುರ ಟ್ಯಾಂಕುಗಳನ್ನೂ ಎಳೆಯಿತು. ಹಿರಿಯರು ಇದನ್ನೆಲ್ಲ ನಮ್ಮ ಕಡೆಯವರು ಮನೆತನದ ಕಥೆ ಹೇಳುವ ಹಾಗೆ ಹೇಳುತ್ತಿದ್ದರು.

ನನ್ನ ದೂರು ಹೇಳಿಕೊಂಡದ್ದು ಮರುವರ್ಷದ ಬೇಸಿಗೆಯಲ್ಲಿ. ಗೇರು ಬೀಳುವುದು ಬಹಳ ನಿಧಾನ, ಹೆದ್ದಾರಿಗೆ ಸೇರುವಾಗ ಎಂಜಿನ್ನು ಸುಮ್ಮನೆ ಅರಚುತ್ತದೆ, ಕಾರು ಮಾತ್ರ ಆಮೇಲೆ ಎಚ್ಚರವಾಗುತ್ತದೆ ಎಂದೆ. ಅವರು ಡಿಪ್‌ಸ್ಟಿಕ್ ಎಳೆದು ಎಣ್ಣೆಯನ್ನು ಎರಡು ಬೆರಳಲ್ಲಿ ಉಜ್ಜಿ ಮೂಸಿದರು. ನನಗೂ ಮೂಸಲು ಕೊಟ್ಟರು. ಕೆಂಪಗಿರಬೇಕಾದ ಎಣ್ಣೆ ಕಂದು ತಿರುಗಿತ್ತು, ಸೀದ ವಾಸನೆ ಇತ್ತು. "ಇದೇ ನಿನ್ನ ಮೆತ್ತನೆ" ಅಂದರು.

ಅಂದು ಸಂಜೆ ಅವರ ಗ್ಯಾರೇಜಿನ ಮೇಜಿನ ಮೇಲೆ ಚಾಕ್ ಪೀಸಿನಿಂದ ಬರೆದು ವಿವರಿಸಿದ್ದು ನನ್ನ ಎಂ.ಎಸ್. ತರಗತಿಗಳಿಗಿಂತ ಚೆನ್ನಾಗಿ ತಲೆಯಲ್ಲಿ ಉಳಿದಿದೆ. ಕೈಗೇರಿನ ಬಸ್ಸಿನ ಹಾಗೆ ಒಂದನ್ನು ಬಿಡಿಸಿ ಇನ್ನೊಂದನ್ನು ಕೂಡಿಸುವ ಕೆಲಸ ಇಲ್ಲಿಲ್ಲ. ಹಲ್ಲಿನ ಚಕ್ರಗಳು, ಸೂರ್ಯನ ಸುತ್ತ ಗ್ರಹಗಳಿದ್ದಂತೆ, ಸದಾ ಒಂದಕ್ಕೊಂದು ಕೂಡಿಕೊಂಡೇ ತಿರುಗುತ್ತವೆ. ಯಾವುದನ್ನು ಹಿಡಿದು ನಿಲ್ಲಿಸುತ್ತೀರಿ, ಯಾವುದನ್ನು ಜೊತೆಗೆ ಕಟ್ಟುತ್ತೀರಿ ಎಂಬುದರ ಮೇಲೆ ಗೇರು. ಹಿಡಿಯುವ ಕೈಗಳೇ ಕ್ಲಚ್ ಪ್ಲೇಟುಗಳು. ಆ ಕೈಗೆ ಬಲ ಕೊಡುವುದು ಒತ್ತಡದ ಎಣ್ಣೆ. ಒಂದರಿಂದ ಎರಡಕ್ಕೆ ಹೋಗಲು ಈ ಗೇರ್ ಬಾಕ್ಸಿನಲ್ಲಿ ಒಂದು ಕ್ಲಚ್ಚು ಹೆಚ್ಚಿಗೆ ಹಿಡಿದುಕೊಂಡರೆ ಸಾಕು, ಮೂರಕ್ಕೆ ಇನ್ನೊಂದು. ಹಿಡಿತ ಪೂರ್ತಿ ಬಿಗಿಯಾಗುವ ಮುಂಚೆ ಪ್ಲೇಟುಗಳು ಅರ್ಧ ಸೆಕೆಂಡಿನ ಆಚೀಚೆ ಒಂದರ ಮೇಲೊಂದು ಜಾರುತ್ತವೆ. ಆ ಜಾರುವಿಕೆಯೇ ನಾವು ಸುಖ ಅನ್ನುವುದು. ಜಾರಿದಷ್ಟೂ ಬಿಸಿ, ಬಿಸಿಯಾದಷ್ಟೂ ಎಣ್ಣೆ ಸೀಯುತ್ತದೆ, ಪ್ಲೇಟು ಸವೆಯುತ್ತದೆ.

ಆಮೇಲೆ ಅವರು ಹೇಳಿದ್ದು: "ಗೇರು ಬದಲಾದಾಗ ಎಂಜಿನ್ನು ಒಮ್ಮೆಗೇ ವೇಗ ಕಳಕೊಳ್ಳಬೇಕು. ಮೊದಲನೆಯದು 2.48, ಎರಡನೆಯದು 1.48. ಅಂದರೆ ನೂರಕ್ಕೆ ನಲವತ್ತು ಪಾಲು ವೇಗ ಬೀಳಬೇಕು. ಆ ಪೆಟ್ಟು ಎಲ್ಲಾದರೂ ಹೋಗಲೇಬೇಕಲ್ಲ? ಒಂದೋ ಪ್ಲೇಟು ತಿನ್ನುತ್ತದೆ, ಇಲ್ಲವೋ ಕೂತವನ ಬೆನ್ನು ತಿನ್ನುತ್ತದೆ." ಕಂಪನಿಯವರು ಪ್ಲೇಟಿಗೆ ಕೊಟ್ಟಿದ್ದರು. ಇಪ್ಪತ್ತಾರರ ನನ್ನ ಬೆನ್ನು ಆಗ ಗಟ್ಟಿಯಾಗಿತ್ತು, ನನಗೆ ಕೊಡಿ ಅಂದೆ.

ಗೇರು ಬೀಳುವುದನ್ನು ಹೀಗೆ ಬಿಗಿ ಮಾಡುವ ಕೆಲಸ ಹೊಸದೇನಲ್ಲ. 1953ರಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಬಾಬ್ ಮತ್ತು ಮಾರ್ಟ್ ಎಂಬಿಬ್ಬರು ಬಿ ಆ್ಯಂಡ್ ಎಂ ಎಂಬ ಅಂಗಡಿ ತೆರೆದು, ಓಟದ ಕಾರುಗಳಿಗಾಗಿ ಹೈಡ್ರಾಮ್ಯಾಟಿಕ್‌ಗಳನ್ನು ಬಿಗಿ ಮಾಡಿಕೊಡುತ್ತಿದ್ದರು. ಅದೇ ಸೀಮೆಯ ಗಿಲ್ ಯಂಗರ್ ಕಟ್ಟಿದ ಟ್ರಾನ್ಸ್‌ಗೋ ಕಂಪನಿ, ಬೇಕಾದ ಸ್ಪ್ರಿಂಗು, ಗ್ಯಾಸ್ಕೆಟ್ಟು, ಪ್ಲೇಟುಗಳನ್ನು ಒಂದು ಪೊಟ್ಟಣದಲ್ಲಿಟ್ಟು 'ಶಿಫ್ಟ್ ಕಿಟ್' ಅಂತ ಮಾರಿತು. ಆ ಹೆಸರು ಅವರದೇ ನೋಂದಾಯಿತ ಗುರುತು. ಹೀಗಾಗಿ ದೇಶದ ಯಾವ ಮೂಲೆಯಲ್ಲಿದ್ದರೂ ಮನೆ ಮುಂದೆ ಕಾರೆತ್ತಿ ಈ ಕೆಲಸ ಮಾಡಿಕೊಳ್ಳಬಹುದಿತ್ತು. ನನ್ನಲ್ಲಿ ಕಿಟ್‌ಗೂ ದುಡ್ಡಿರಲಿಲ್ಲ. "ಡ್ರಿಲ್ ಹಿಡಿಯಲು ಬರುತ್ತದೆಯಾ?" ಅಂತ ಕೇಳಿದರು. ಬರುತ್ತಿತ್ತು. ಬಿಟ್ಟನ್ನು ಗ್ರೈಂಡಿಂಗ್ ಕಲ್ಲಿಗೆ ಹಿಡಿದು ಎರಡೂ ಅಂಚು ಸಮ ಬರುವ ಹಾಗೆ ಕಣ್ಣಳತೆಯಲ್ಲೇ ಹರಿತ ಮಾಡುವುದನ್ನು ಅಪ್ಪ ಹೈಸ್ಕೂಲಿನಲ್ಲೇ ಕಲಿಸಿದ್ದರು.

ಕೆಲಸ 1994ರ ಜೂನಿನ ಎರಡು ಶನಿವಾರ ನಡೆಯಿತು. ಮೊದಲನೆಯ ಶನಿವಾರ ಅವರು ಡ್ರಿಲ್ ಮುಟ್ಟಲೇ ಬಿಡಲಿಲ್ಲ. ಎಣ್ಣೆ ಮತ್ತು ಫಿಲ್ಟರ್ ಬದಲಾಯಿಸು, ಮಾಡ್ಯುಲೇಟರ್ ನೋಡು, ಆಮೇಲೆ ಮಾತಾಡು ಎಂದರು. ಮಾಡ್ಯುಲೇಟರ್ ಎಂದರೆ ಗೇರ್ ಬಾಕ್ಸಿನ ಪಕ್ಕಕ್ಕೆ ಅಂಟಿಕೊಂಡ ಒಂದು ತಗಡಿನ ಡಬ್ಬಿ. ಎಂಜಿನ್ನು ಎಷ್ಟು ಭಾರ ಎಳೆಯುತ್ತಿದೆ ಎಂಬುದನ್ನು ಅದರ ಹೀರುವಿಕೆಯಿಂದ, ಒಂದು ರಬ್ಬರ್ ಕೊಳವೆಯ ಮೂಲಕ, ಅದು ತಿಳಿದುಕೊಳ್ಳುತ್ತದೆ. ಭಾರ ಹೆಚ್ಚಾದರೆ ಎಣ್ಣೆಯ ಒತ್ತಡ ಹೆಚ್ಚಿಸುತ್ತದೆ. ನಮ್ಮ ಕೊಳವೆ ಒಣಗಿ ಗಟ್ಟಿಯಾಗಿತ್ತು. ಒಂದೂವರೆ ಡಾಲರಿನ ಕೊಳವೆ, ತಿರುಪು ಇರುವ ಬೇರೆ ಮಾಡ್ಯುಲೇಟರು, ಹೊಸ ಕೆಂಪೆಣ್ಣೆ, ಇಷ್ಟಕ್ಕೇ ಕಾರು ಅರ್ಧ ಸರಿಹೋಯಿತು. ಗೇರ್ ಬಾಕ್ಸ್ ಬಿಚ್ಚುವ ಉತ್ಸಾಹದಲ್ಲಿರುವ ಯಾರಿಗಾದರೂ ಇದನ್ನು ಒತ್ತಿ ಹೇಳಬೇಕೆನಿಸುತ್ತದೆ: ಕಾಯಿಲೆ ಬೇರೆ, ಸ್ವಭಾವ ಬೇರೆ. ಕಾಯಿಲೆ ವಾಸಿ ಮಾಡದೆ ಸ್ವಭಾವ ಬದಲಿಸಲು ಹೊರಟರೆ ಎರಡೂ ಕೆಡುತ್ತವೆ.

ಎರಡನೆಯ ಶನಿವಾರ ಪ್ಯಾನು ಇಳಿಸಿದೆವು. ಹದಿಮೂರು ಬೋಲ್ಟು, ಎಣ್ಣೆ ಬಸಿಯಲು ತಳದಲ್ಲಿ ತೂತಿಲ್ಲ. ಒಂದು ಮೂಲೆಯಿಂದ ಬಗ್ಗಿಸುತ್ತ ಬಸಿಯಬೇಕು. ಎಣ್ಣೆ ತೋಳಿನುದ್ದಕ್ಕೂ ಇಳಿದು ಕಂಕುಳು ಸೇರುತ್ತದೆ. ಮೇಲೆ ವಾಲ್ವ್ ಬಾಡಿ. ನಮ್ಮ ಕಡೆ ಗೆದ್ದಲು ತಿಂದ ಹಲಗೆ ನೋಡಿದ್ದೀರಲ್ಲ, ಅಂಥ ಸುತ್ತುಬಳಸಿನ ದಾರಿಗಳು, ಆದರೆ ಒಂದೊಂದೂ ಲೆಕ್ಕ ಹಾಕಿ ಕೊರೆದದ್ದು. ಅದಕ್ಕೂ ಗೇರ್ ಬಾಕ್ಸಿನ ಮೈಗೂ ನಡುವೆ ಒಂದು ಉಕ್ಕಿನ ತಗಡು. ಅದೇ ಸೆಪರೇಟರ್ ಪ್ಲೇಟು. ಅದರಲ್ಲಿ ಹತ್ತಾರು ತೂತುಗಳು. ಎಣ್ಣೆ ಯಾವ ಕ್ಲಚ್ಚಿಗೆ ಎಷ್ಟು ಬೇಗ ತಲುಪಬೇಕೆಂದು ತೀರ್ಮಾನಿಸುವುದು ಅದರಲ್ಲಿನ ಕೆಲವು ತೂತುಗಳ ಅಳತೆ.

ಬೋಲ್ಟು ಸಡಿಲಿಸಿ ಪ್ಲೇಟು ಇಳಿಸುತ್ತಿದ್ದಂತೆ ಒಳಗಿದ್ದ ಉಕ್ಕಿನ ಗುಂಡುಗಳು ಪಟಪಟನೆ ನನ್ನ ಎದೆಯ ಮೇಲೆ ಬಿದ್ದವು. ಒಂದು ಮಾತ್ರ ಉರುಳಿ ಎಲ್ಲೋ ಹೋಯಿತು. ಎಣ್ಣೆ ಒಂದು ದಿಕ್ಕಿಗೆ ಮಾತ್ರ ಹರಿಯುವಂತೆ ಬಾಗಿಲು ಕಾಯುವ ಗುಂಡು ಅದು. ಇಲ್ಲದಿದ್ದರೆ ಕಾರು ಹೊರಡುವ ಹಾಗಿಲ್ಲ. ಗ್ಯಾರೇಜಿನ ಮೂಲೆಮೂಲೆಗೆ ಅಯಸ್ಕಾಂತ ಆಡಿಸಿ, ಒಂದು ಗಂಟೆಯ ಮೇಲೆ ಹಿಮ ಬಾಚುವ ಸಲಿಕೆಯ ಹಿಂದೆ ಸಿಕ್ಕಿತು. ಹಿರಿಯರು ಅಷ್ಟು ಹೊತ್ತೂ ಒಂದು ಮಾತೂ ಬೈಯಲಿಲ್ಲ.

ಕಾರಿನ ಪ್ಲೇಟನ್ನು ಕೊರೆಯಲು ಅವರು ಒಪ್ಪಲಿಲ್ಲ. ಗುಜರಿಯಿಂದ ಅಂಥದ್ದೇ ಇನ್ನೊಂದನ್ನು ನಾಲ್ಕು ಡಾಲರಿಗೆ ತಂದಿಟ್ಟಿದ್ದರು. ಅಸಲಿಯನ್ನು ತೊಳೆದು, ಎಣ್ಣೆ ಸವರಿ, ಕಂದು ಕಾಗದದಲ್ಲಿ ಸುತ್ತಿ, ಮೇಲೆ ಪೆನ್ಸಿಲ್ಲಿನಲ್ಲಿ ತಾರೀಖು ಬರೆದು ಅಟ್ಟದ ಮೇಲಿಟ್ಟರು. ಅಪ್ಪ ಹೇಳುತ್ತಿದ್ದ ಮಾತು ನೆನಪಾಯಿತು: ತೂತು ದೊಡ್ಡದು ಮಾಡಬಹುದು, ಸಣ್ಣದು ಮಾಡಲಾಗದು.

ತೆಳು ತಗಡನ್ನು ಕೊರೆಯುವುದು ದಪ್ಪ ಕಬ್ಬಿಣಕ್ಕಿಂತ ಕಷ್ಟ. ಬಿಟ್ಟು ತಗಡನ್ನು ಕಚ್ಚಿ ಮೇಲಕ್ಕೆತ್ತಿ ತೂತನ್ನು ಮೂರು ಮೂಲೆ ಮಾಡಿಬಿಡುತ್ತದೆ. ಎರಡು ಮರದ ಹಲಗೆಗಳ ನಡುವೆ ಬಿಗಿದು, ಒಂದೊಂದೇ ಅಳತೆ ಏರಿಸುತ್ತ ಕೊರೆದೆ. ಅವರು ನಡುನಡುವೆ ನಿಲ್ಲಿಸಿ ಲೆಕ್ಕ ಕೇಳುತ್ತಿದ್ದರು. ತೂತಿನ ಅಗಲ ಕಾಲುಭಾಗ ಹೆಚ್ಚಿದರೆ ಅದರ ಬಾಯಿಯ ವಿಸ್ತಾರ ಅರ್ಧಕ್ಕಿಂತ ಜಾಸ್ತಿ ಹಿಗ್ಗುತ್ತದೆ. ಕಣ್ಣಿಗೆ ಸಣ್ಣದಾಗಿ ಕಂಡದ್ದು ಎಣ್ಣೆಗೆ ಹೆಬ್ಬಾಗಿಲು. ಅದಕ್ಕೇ ಒಂದು ಅಳತೆ ಮೊದಲೇ ನಿಲ್ಲಿಸು ಎಂದರು. ನಾನು ನಿಲ್ಲಿಸಲಿಲ್ಲ, ಇನ್ನೊಂದು ಅಳತೆ ಏರಿಸಿದೆ. ಅವರು ಸುಮ್ಮನಿದ್ದರು, ಕಾರು ನನ್ನದಲ್ಲವೇ. ಎಣ್ಣೆಯ ಪೆಟ್ಟನ್ನು ಹೀರಿಕೊಳ್ಳುವ ಸ್ಪ್ರಿಂಗಿನ ಪಿಸ್ಟನ್ನಿಗೂ, ಅಕ್ಯುಮುಲೇಟರ್ ಎನ್ನುತ್ತಾರೆ, ಗಟ್ಟಿ ಸ್ಪ್ರಿಂಗು ಹಾಕಿದೆವು. ಗುಂಡುಗಳು ಬೀಳದಂತೆ ವ್ಯಾಸಲೀನ್ ಅಂಟಿಸಿ ಕೂರಿಸಿದೆವು. ಗ್ರೀಸ್ ಹಚ್ಚಿದರೆ ಕರಗದೆ ದಾರಿ ಕಟ್ಟುತ್ತದೆ. ಒರೆಸಲು ಬಟ್ಟೆಯನ್ನೂ ಮುಟ್ಟಿಸಲಿಲ್ಲ. ಒಂದೆಳೆ ದಾರ ಸಿಕ್ಕಿಕೊಂಡರೆ ವಾಲ್ವು ಅಲ್ಲೇ ನಿಲ್ಲುತ್ತದೆ. ಬೋಲ್ಟನ್ನು ಬಿಗಿಯುವಾಗ ಅವರ ಕೈ ನೋಡಬೇಕಿತ್ತು. ಬೆರಳಿನ ತುದಿಯಲ್ಲಿ, ನಡುವಿನಿಂದ ಅಂಚಿಗೆ, ಎರಡು ಸುತ್ತಿನಲ್ಲಿ. ಮೂವತ್ತೆರಡು ವರ್ಷ ಅದನ್ನೇ ಮಾಡಿದ ಕೈ.

ಸಂಜೆ ಹೊರಟಾಗ ಪಕ್ಕದಲ್ಲಿ ಅವರು ಕೂತಿದ್ದರು, ಕೈಯಲ್ಲಿ ಕಾಫಿ ಲೋಟ. ಒಂದರಿಂದ ಎರಡಕ್ಕೆ ಬಿದ್ದಾಗ ಕಾರು ಯಾರೋ ಹಿಂದಿನಿಂದ ದೂಡಿದ ಹಾಗೆ ಮುಂದಕ್ಕೆ ಹಾರಿತು. ಕಾಫಿ ಅವರ ಪ್ಯಾಂಟಿನ ಮೇಲೆ. ನನಗೆ ಭದ್ರಾವತಿಯ ಬಸ್ಸು ಸಿಕ್ಕಿತ್ತು. ಊರಿನ ನೀರಿನ ಗೋಪುರದವರೆಗೆ ಹೋಗಿ ಬಂದೆವು. ಮುಂದಿನ ಮೂರೂವರೆ ವರ್ಷ ಆ ಕಾರು ನನಗೆ ಕೊಟ್ಟ ಸಂತೋಷಕ್ಕೆ ಲೆಕ್ಕವಿಲ್ಲ. ಎಣ್ಣೆ ಮತ್ತೆ ಸೀಯಲಿಲ್ಲ. ಡಿಪ್‌ಸ್ಟಿಕ್ ಎಳೆದಾಗಲೆಲ್ಲ ಕುಂಕುಮದ ನೀರಿನ ಬಣ್ಣ. ಪಂಪ ಕನ್ನಡ ಕೂಟದ ಪಿಕ್ನಿಕ್ಕಿಗೆ ಗೆಳೆಯರನ್ನು ತುಂಬಿಕೊಂಡು ಹೋಗುವಾಗ ಪ್ರತಿ ಸಲ ಹೊಸಬರೊಬ್ಬರು ತಲೆ ಹಿಂದಕ್ಕೆ ಬಡಿದು "ಏನಾಯ್ತು?" ಅನ್ನುತ್ತಿದ್ದರು. ನಾನು ಹೆಮ್ಮೆಯಿಂದ ವಿವರಿಸುತ್ತಿದ್ದೆ.

1996ರಲ್ಲಿ ಮದುವೆಯಾಯಿತು. 1998ರ ಜನವರಿಯಲ್ಲಿ ಮಗಳು ಹುಟ್ಟಿದಳು, ಸಿಸೇರಿಯನ್. ಬಾಣಂತನಕ್ಕೆ ಅಮ್ಮ ಬಂದಿದ್ದರು. ಅಪ್ಪ ಹೋಗಿ ಎಂಟು ವರ್ಷವಾಗಿತ್ತು. ಜೀವನದಲ್ಲಿ ಮೊದಲ ಸಲ ವಿಮಾನ ಹತ್ತಿ, ಚೀಲದ ತುಂಬ ಒಣಶುಂಠಿ, ಅಂಟು, ಓಮ ಹೊತ್ತು ಬಂದಿದ್ದರು. ನಾಲ್ಕನೆಯ ದಿನ ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಹೊರಟೆ. ಹಿಂದಿನ ಸೀಟಿನಲ್ಲಿ ಮಗುವಿನ ಕುರ್ಚಿ, ಅದರ ಪಕ್ಕ ನನ್ನ ಹೆಂಡತಿ, ಆಚೆ ಅಮ್ಮ.

ಆ್ಯನ್ ಆರ್ಬರ್‌ನಿಂದ ಇಪ್ಸಿಲಾಂಟಿಗೆ ವಾಷ್ಟೆನಾ ಅವೆನ್ಯೂ. ಸಿಗ್ನಲ್ಲುಗಳು ಒತ್ತೊತ್ತಾಗಿ ಬರುವ ರಸ್ತೆ. ಮೊದಲ ಸಿಗ್ನಲ್ಲು ಹಸಿರಾಗಿ ಹೊರಟೆ. ಎರಡಕ್ಕೆ ಬಿತ್ತು. ಹಿಂದಿನಿಂದ ಅವಳ ಉಸಿರು ಸಿಕ್ಕಿಕೊಂಡ ಸದ್ದು. ಕನ್ನಡಿಯಲ್ಲಿ ನೋಡಿದರೆ ಎರಡೂ ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿದಿದ್ದಳು.

"ಮೆತ್ತಗೆ ಓಡ್ಸೋ ಮಾರಾಯ, ಹೊಲಿಗೆ ಇನ್ನೂ ಹಸೀದು" ಅಂದರು ಅಮ್ಮ.

ಮೆತ್ತಗೇ ಓಡಿಸುತ್ತಿದ್ದೆ. ಮುಂದಿನ ಸಲ ಆಕ್ಸಿಲರೇಟರಿನ ಮೇಲೆ ಬರೀ ಹೆಬ್ಬೆರಳಿನ ಭಾರ ಬಿಟ್ಟೆ. ಆಗಲೂ ಬಡಿಯಿತು. ಅದರ ಮುಂದಿನ ಸಲ ಗೇರು ಬೀಳುವ ಕ್ಷಣ ಅಂದಾಜಿಸಿ ಕಾಲೆತ್ತಿದೆ. ಆಗಲೂ. ತೂತು ದೊಡ್ಡದಾದ ಮೇಲೆ ಎಣ್ಣೆಗೆ ನನ್ನ ಕಾಲಿನ ದಾಕ್ಷಿಣ್ಯವಿಲ್ಲ. ಗೇರಿನ ಕೋಲನ್ನು ಎರಡಕ್ಕಿಟ್ಟರೂ ಈ ಗೇರ್ ಬಾಕ್ಸು ಒಂದರಲ್ಲೇ ಹೊರಟು ಎರಡಕ್ಕೆ ಹೋಗುತ್ತದೆ. ಒಂದರಲ್ಲೇ ಉಳಿಸಿಕೊಂಡು, ಹಿಂದಿನವರ ಹಾರ್ನು ಕೇಳಿಸಿಕೊಳ್ಳುತ್ತ, ಎಂಜಿನ್ನು ಅರಚಿಸಿಕೊಂಡು ಉಳಿದ ದಾರಿ ಕಳೆದೆ. ಅವಳು ಏನೂ ಅನ್ನಲಿಲ್ಲ. ಪ್ರತಿ ಸಿಗ್ನಲ್ಲು ಹಸಿರಾಗುವ ಮೊದಲೇ ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಅದನ್ನು ಕನ್ನಡಿಯಲ್ಲಿ ನೋಡಿದ್ದು ನನಗೆ ಇವತ್ತಿಗೂ ಹೋಗಿಲ್ಲ.

ಆ ರಾತ್ರಿ ಹಿರಿಯರ ಬಾಗಿಲು ತಟ್ಟಿದೆ. ಮಗು ಹುಟ್ಟಿದ ಸುದ್ದಿಗೆ ಕೈ ಕುಲುಕಿದರು. ಹಳೆಯ ಪ್ಲೇಟು ಇದೆಯೇ ಎಂದೆ. ಯಾಕೆ ಅಂತ ಅವರು ಕೇಳಲಿಲ್ಲ. ಅಟ್ಟದ ಏಣಿ ಇಳಿಸಿದರು.

ಮರುದಿನ ಮಧ್ಯಾಹ್ನ ಅವರ ಗ್ಯಾರೇಜಿನಲ್ಲಿ, ಹೊರಗೆ ಮೊಣಕಾಲೆತ್ತರ ಹಿಮ, ಕಾರಿನಡಿ ನಾನು, ಸ್ಟೂಲಿನ ಮೇಲೆ ಕೂತು ದೀಪ ಹಿಡಿದವರು ಅವರು. ಮಂಡಿ ನೋವಿಗೆ ಅವರಿಗೆ ನೆಲಕ್ಕೆ ಕೂರಲು ಆಗುತ್ತಿರಲಿಲ್ಲ. ಎಣ್ಣೆ ಚಳಿಗೆ ಹೆಪ್ಪುಗಟ್ಟಿದ ಹಾಗೆ ದಪ್ಪಗೆ ಇಳಿಯುತ್ತಿತ್ತು. ಈ ಸಲ ಗುಂಡು ಒಂದೂ ಕೆಳಗೆ ಬೀಳಲಿಲ್ಲ. ಕಾಗದ ಬಿಚ್ಚಿದರೆ ಅಸಲಿ ಪ್ಲೇಟು ಮೂರೂವರೆ ವರ್ಷದ ಹಿಂದೆ ಸುತ್ತಿಟ್ಟ ಹಾಗೇ ಹೊಳೆಯುತ್ತಿತ್ತು. ಸ್ಪ್ರಿಂಗನ್ನೂ ಹಳೆಯದೇ ಹಾಕಿದೆ. ನನ್ನೊಳಗಿನ ಎಂಜಿನಿಯರು ಸುಮ್ಮನಿರಲಾರದೆ, ಇನ್ನು ಪ್ಲೇಟುಗಳು ಹೆಚ್ಚು ಜಾರುತ್ತವಲ್ಲ, ಬೇಗ ಸವೆಯುತ್ತವಲ್ಲ ಅಂದೆ.

"ಸವೆಯಲಿ ಬಿಡು," ಅಂದರು. "ಅವು ಇರುವುದೇ ಅದಕ್ಕೆ."

ವಾಲ್ವ್ ಬಾಡಿಯ ಬೋಲ್ಟುಗಳನ್ನು ನಡುವಿನಿಂದ ಅಂಚಿಗೆ, ಎರಡು ಸುತ್ತಿನಲ್ಲಿ, ಅವರ ಹಾಗೇ ಬಿಗಿದೆ. ಹೊರಗೆ ಬಂದಾಗ ಅಮ್ಮ ಹಿಮದಲ್ಲಿ ದಾರಿ ಮಾಡಿಕೊಂಡು ಒಂದು ತಟ್ಟೆಯಲ್ಲಿ ಅಂಟಿನುಂಡೆ ತಂದು ನಿಂತಿದ್ದರು. ಹಿರಿಯರು ಒಂದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಶುಂಠಿಯ ಖಾರ ನೆತ್ತಿಗೇರಿತ್ತು. ಅಮ್ಮ ಅವರಿಗೆ ಕನ್ನಡದಲ್ಲೇ "ನೀರು ಕುಡೀರಿ" ಅಂದರು. ಅವರಿಗೆ ಅರ್ಥವೂ ಆಯಿತು.

ಮುಂದೆ ನನಗೆ ಕೆಲಸ ಸಿಕ್ಕಿದ್ದು ಇದೇ ವಿಷಯದಲ್ಲಿ. ಈಗ ತೂತು ಕೊರೆಯುವುದಿಲ್ಲ. ವಿದ್ಯುತ್ ವಾಲ್ವುಗಳಿಗೆ ಯಾವ ಕ್ಷಣ ಎಷ್ಟು ಒತ್ತಡ ಎಂದು ಕಂಪ್ಯೂಟರಿನಲ್ಲಿ ಅಂಕಿ ಬರೆಯುತ್ತೇವೆ. ಬೇಡವೆಂದರೆ ಅಳಿಸಿ ಮತ್ತೆ ಬರೆಯಬಹುದು. ಓಟದ ಮೋಡ್‌ಗೆ ನನ್ನ ಕಿರಿಯ ಸಹೋದ್ಯೋಗಿಗಳು ಎಷ್ಟು ಬೇಕಾದರೂ ಬಿಗಿ ಕೊಡಲಿ, ನಾನು ತಡೆಯುವುದಿಲ್ಲ. ಆ ಸಂತೋಷ ನನಗೆ ಗೊತ್ತು. ಆಕ್ಸಿಲರೇಟರನ್ನು ಹೆಬ್ಬೆರಳಿನ ಭಾರಕ್ಕಷ್ಟೇ ಒತ್ತಿದಾಗಿನ ಅಂಕಿಗಳ ಸಾಲು ಬಂದಾಗ ಮಾತ್ರ, ಅವನ್ನು ನಾನೇ ಕೂತು ನೋಡುತ್ತೇನೆ.

ಎಲೆಕ್ಟ್ರಾವನ್ನು 1999ರ ಬೇಸಿಗೆಯಲ್ಲಿ ಮಾರಿದೆ. ಅಷ್ಟರಲ್ಲಿ ಹಿರಿಯರು ಮನೆ ಖಾಲಿ ಮಾಡಿ ಕೆಂಟಕಿಗೆ, ಮಗನ ಊರಿಗೆ ಹೋಗಿದ್ದರು. ಕೊಳ್ಳಲು ಬಂದವನು ಇಪ್ಪತ್ತರ ಆಸುಪಾಸಿನ ಹುಡುಗ. ದುಡ್ಡು ಎಣಿಸಿ ಕೊಟ್ಟ ಮೇಲೆ ಕಂದು ಕಾಗದದ ಪೊಟ್ಟಣ ಅವನ ಕೈಗಿತ್ತೆ. ಕೊರೆದ ಪ್ಲೇಟು, ಗಟ್ಟಿ ಸ್ಪ್ರಿಂಗು ಅದರಲ್ಲಿದ್ದವು. ಬಿಚ್ಚಿ ನೋಡಿ ಅವನ ಮುಖ ಅರಳಿತು.

"ಈಗ ಒಳಗಿರೋದು ಯಾವುದು?" ಕೇಳಿದ.

"ಮೆತ್ತನೆಯದು," ಅಂದೆ. "ಇದನ್ನು ಹಾಕುವುದಾದರೆ ಅದನ್ನು ಎಸೆಯಬೇಡ."

ಅವನು ತಲೆಯಾಡಿಸಿ ಪೊಟ್ಟಣವನ್ನು ಸೀಟಿನ ಕೆಳಗಿಟ್ಟು ಹೊರಟ. ಮಗಳು ನನ್ನ ಸೊಂಟದ ಮೇಲಿದ್ದಳು. ಬೀದಿಯ ಕೊನೆಯಲ್ಲಿ ಕಾರು ಎಡಕ್ಕೆ ತಿರುಗಿತು. ಒಂದರಿಂದ ಎರಡಕ್ಕೆ ಬಿದ್ದದ್ದು, ಕಿವಿಗೊಟ್ಟು ನಿಂತರೂ, ನನಗೆ ಕೇಳಿಸಲಿಲ್ಲ.